ಏಳು ವಾರದ ನಂತರದ ಮೂರು ಮಾತ್ರೆ

ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ವರ್ಡಿ ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದಾಗ ಬಾಗಿಲಲ್ಲೇ ಗೊರಕೆ ಕೇಳಿಸಿತು. ಗಂಡ ಡೆನ್ಜಿಲ್ ಸೋಫಾದ ಮೇಲೆ ಅಂಗಾತ ಮಲಗಿದ್ದ. ಅವನ ಅಣ್ಣ ಹಾರ್ಲನ್ ಪಕ್ಕದಲ್ಲೇ ಕೂತು ಬೀನ್ಸ್ ಸಾರಿಗೆ ಮೆಕ್ಕೆಜೋಳದ ಬ್ರೆಡ್ ಮುರಿದು ಹಾಕಿಕೊಳ್ಳುತ್ತಿದ್ದ.

"ಸದ್ದು ಮಾಡ್ಬೇಡ ಕಣಮ್ಮ. ಹಳೇ ಒಲೆ ಎತ್ತೋಕೆ ಹೋಗಿ ಸೊಂಟ ಉಳುಕಿಸ್ಕೊಂಡ. ಈಗ ತಾನೆ ನಿದ್ದೆ ಹತ್ತಿದೆ."

"ಏನು ಕೊಟ್ರಿ ಭಾವ?"

ಹಾರ್ಲನ್ ಚಮಚ ಕೆಳಗಿಟ್ಟ. "ನನ್ನ ಕಾಲುನೋವಿನ ಮಾತ್ರೆ. ಮೂರು. ಇವನು ಮೊದಲು ಬೆಳಗಿನ ಕಾಫಿಗೇ ಮೂರು ನುಂಗ್ತಿರ್ಲಿಲ್ವಾ?"

ನುಂಗುತ್ತಿದ್ದ ನಿಜ. ಗಣಿಯ ಚಾವಣಿ ಕುಸಿಯದಂತೆ ಬೋಲ್ಟ್ ಬಿಗಿಯುವ ಕೆಲಸದಲ್ಲಿ ಬೆನ್ನಿನ ಮೇಲೆ ಬಂಡೆ ಬಿದ್ದ ದಿನದಿಂದ ಮೂರು ವರ್ಷ ನುಂಗಿದ್ದ. ಮೊದಲು ನೋವಿಗೆ, ಆಮೇಲೆ ಮಾತ್ರೆ ಇಲ್ಲದಾಗ ಮೈ ಪಡುವ ಸಂಕಟಕ್ಕೆ. ಅದನ್ನು ಬಿಡಿಸುವ ಕೇಂದ್ರದಲ್ಲಿದ್ದು, ಮಾತ್ರೆ ಬಿಟ್ಟು ಈಗ ಏಳು ವಾರ.

ಇಂಥವರ ಮನೆಯವರಿಗಾಗಿ ಚರ್ಚಿನ ನೆಲಮಾಳಿಗೆಯಲ್ಲಿ ನಡೆದ ಸಭೆಯಲ್ಲಿ ನರ್ಸ್ ಒಬ್ಬಳು ಹೇಳಿದ್ದು ವರ್ಡಿಗೆ ಅಕ್ಷರಕ್ಕಕ್ಷರ ನೆನಪಿತ್ತು. "ಈ ಮಾತ್ರೆ ಗಾಯ ವಾಸಿ ಮಾಡಲ್ಲ. ಮಿದುಳಲ್ಲಿ ಹೋಗಿ ಕೂತು ನೋವಿನ ಸುದ್ದಿ ಮುಟ್ಟದ ಹಾಗೆ ಮಾಡುತ್ತೆ. ಉಸಿರಾಡು ಅಂತ ಎದೆಗೆ ಹೇಳೋದೂ ಅದೇ ಮಿದುಳು. ಮಾತ್ರೆ ಹೆಚ್ಚಾದ್ರೆ ಹೇಳೋದನ್ನೇ ಮರೆಯುತ್ತೆ. ದಿನಾ ತಿನ್ನೋರಿಗೆ ಮೈ ಒಗ್ಗಿರುತ್ತೆ. ಬಿಟ್ರೆ ಒಗ್ಗಿದ್ದು ಹೋಗುತ್ತೆ. ಆಮೇಲೆ ಹಳೇ ಲೆಕ್ಕದಲ್ಲಿ ನುಂಗಿದ್ರೆ ಹೆಣ ಎತ್ತಬೇಕಾಗುತ್ತೆ."

ಅದು ಗೊರಕೆಯಾಗಿರಲಿಲ್ಲ. ಗಂಟಲಲ್ಲಿ ನೀರು ಗೊಳಗೊಳ ಅಂದಂತೆ, ಒಂದು ಉಸಿರು ಬಂದರೆ ಇನ್ನೊಂದು ಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ತುಟಿ ನೀಲಿಗಟ್ಟಿತ್ತು. ನೋವಿಗಾದರೂ ಎಚ್ಚರಾಗಲೆಂದು ಅವಳು ಮುಷ್ಟಿಯ ಗೆಣ್ಣಿನಿಂದ ಎದೆಮೂಳೆಯನ್ನು ಬಲವಾಗಿ ಉಜ್ಜಿದಳು. ರೆಪ್ಪೆ ಕೂಡ ಅಲುಗಲಿಲ್ಲ.

"ಆಂಬುಲೆನ್ಸ್‌ಗೆ ಫೋನ್ ಮಾಡಿ!"

"ನಿದ್ದೆ ಮಾಡೋನಿಗೆ ಆಂಬುಲೆನ್ಸ್ ಯಾಕೆ..."

"ಸಾಯ್ತಾ ಇದಾನೆ ಭಾವ!"

ಮಾತ್ರೆಯ ಅಮಲು ಇಳಿಸಲೆಂದು ಆ ನರ್ಸ್ ಕೊಟ್ಟಿದ್ದ, ಮೂಗಿಗೆ ಹೊಡೆಯುವ ಔಷಧವನ್ನು ಕಪಾಟಿನಿಂದ ತಂದು ಒಂದು ಹೊಳ್ಳೆಗೆ ಒತ್ತಿದಳು. ಗಲ್ಲ ಎತ್ತಿ ಹಿಡಿದು, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಊದಿದಳು. ಐದು ಎಣಿಸಿದಳು, ಮತ್ತೆ ಊದಿದಳು. ಸೇತುವೆ ರಿಪೇರಿಯಲ್ಲಿದೆ, ಸುತ್ತಿ ಬರಲು ನಲವತ್ತು ನಿಮಿಷ ಬೇಕು ಎಂದು ಆಂಬುಲೆನ್ಸಿನವರು ಹೇಳಿದರಂತೆ. ಹಾರ್ಲನ್ ಫೋನ್ ಹಿಡಿದೇ ಅಳತೊಡಗಿದ.

ಮೂರನೇ ನಿಮಿಷಕ್ಕೆ ಡೆನ್ಜಿಲ್ ದೊಡ್ಡದಾಗಿ ಉಸಿರೆಳೆದು, ವಾಂತಿ ಮಾಡಿ, ಎದ್ದು ಕೂತ. ಏನಾಯಿತೆಂದು ತಿಳಿದದ್ದೇ ಮುಖ ಸಿಡುಕಾಯಿತು.

"ಊರಿಗೆಲ್ಲ ಡಂಗುರ ಹೊಡೆದ್ಯಾ? ನಾನು ಚೆನ್ನಾಗೇ ಇದೀನಿ. ಬರೋದು ಬೇಡ ಅನ್ನು."

"ಹೌದಮ್ಮ, ಎದ್ದನಲ್ಲ," ಎಂದು ಹಾರ್ಲನ್ ಫೋನ್ ಎತ್ತಿಕೊಂಡ.

ವರ್ಡಿ ಕಿತ್ತುಕೊಂಡಳು. "ಇವು ನಿಧಾನಕ್ಕೆ ಕರಗೋ ಮಾತ್ರೆ. ಇವು ಹೊಟ್ಟೇಲಿ ಇರೋವಾಗ್ಲೇ ಮೂಗಿನ ಔಷಧದ ಕೆಲಸ ಮುಗಿದುಹೋಗುತ್ತೆ, ಮತ್ತೆ ಉಸಿರು ನಿಲ್ಲುತ್ತೆ. ಇವನು ಇಲ್ಲಿಂದ ಕದಲೋ ಹಾಗಿಲ್ಲ."

ಡೆನ್ಜಿಲ್ ಎದ್ದು ಬಾಗಿಲಿಗೆ ಬಂದ. ಅವಳು ಅಡ್ಡ ನಿಂತಳು. ಅವನು ಅವಳಿಗಿಂತ ಒಂದು ಗೇಣು ಎತ್ತರ. "ಜಾಗ ಬಿಡು," ಎಂದ. ಅವಳು ಬಿಡಲಿಲ್ಲ. ಅವನು ಬೈದ, ಮದುವೆಯಾದ ಇಪ್ಪತ್ತು ವರ್ಷದಲ್ಲಿ ಅಂಥ ಮಾತು ಅವಳು ಅವನ ಬಾಯಲ್ಲಿ ಕೇಳಿರಲಿಲ್ಲ. ಬೈಯುವಷ್ಟು ಉಸಿರಿದೆಯಲ್ಲ ಎಂದುಕೊಂಡು ಬಾಗಿಲಿಗೆ ಬೆನ್ನು ಕೊಟ್ಟೇ ನಿಂತಳು.

ಅರ್ಧ ಗಂಟೆಯಾಗುವಷ್ಟರಲ್ಲಿ ಬೈಗುಳ ತೊದಲಾಯಿತು. ಅವನು ಗೋಡೆಗೆ ಒರಗಿ ಜಾರಿದ. ಮತ್ತೆ ಅದೇ ಗೊಳಗೊಳ. ಮೂಗಿನ ಔಷಧದ ಪೊಟ್ಟಣದಲ್ಲಿ ಉಳಿದಿದ್ದು ಒಂದೇ. ಅದನ್ನೂ ಹೊಡೆದಳು. ಈ ಸಲ ಹಾರ್ಲನ್ ತಾನಾಗಿಯೇ ಮಂಡಿಯೂರಿ, ಅವಳು ಎಣಿಸಿದಂತೆ ತಮ್ಮನ ಬಾಯಿಗೆ ಊದಿದ. ಹೊರಗೆ ಸೈರನ್ ಕೇಳಿದಾಗಲೂ ನಿಲ್ಲಿಸಲಿಲ್ಲ.

ಡೆನ್ಜಿಲ್ ಉಳಿದುಕೊಂಡ. ಎರಡು ದಿನ ಆಸ್ಪತ್ರೆಯಲ್ಲಿದ್ದ. ಈಗ ಮಾತ್ರೆಯ ಹಂಬಲ ತಗ್ಗಿಸಲು ನಾಲಿಗೆಯಡಿ ಇಡುವ ಔಷಧ ದಿನವೂ ತೆಗೆದುಕೊಳ್ಳುತ್ತಾನೆ. ಬೆನ್ನಿಗೆ ವ್ಯಾಯಾಮ. ನೋವು ಪೂರ್ತಿ ಹೋಗಿಲ್ಲ.

ಹಾರ್ಲನ್ ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಕೊನೆಗೆ ಬಂದವನು ಮೆಟ್ಟಿಲ ಮೇಲೇ ನಿಂತ.

"ತಮ್ಮನ್ನ ಕೊಲ್ಲೋಕೆ ಕೊಟ್ನಾ ನಾನು?"

"ಪ್ರೀತಿಯಿಂದಲೇ ಕೊಟ್ರಿ. ಅದಕ್ಕೇ ನನಗೆ ಭಯ."

ಅವನು ಟೋಪಿ ತೆಗೆದ. "ನನ್ನ ಮಾತ್ರೆನೂ ಒಂದೇ ಸಲ ಬಿಟ್ಟುಬಿಡ್ತೀನಿ."

"ಹಾಗೆಲ್ಲ ಬಿಡ್ಬೇಡಿ, ಮೈ ತಡೆಯಲ್ಲ. ಡಾಕ್ಟರನ್ನ ಕೇಳಿ ಸ್ವಲ್ಪ ಸ್ವಲ್ಪ ಇಳಿಸಿ. ಡಬ್ಬಿಗೆ ಬೀಗ ಹಾಕಿ."

"ಆ ಮೂಗಿನ ಔಷಧ ನನಗೂ ಒಂದು ಕೊಡು."

"ಒಬ್ಬರೇ ಇರೋರು, ಎಚ್ಚರ ತಪ್ಪಿದ್ಮೇಲೆ ನಿಮಗೆ ನೀವೇ ಹೇಗೆ ಹಾಕ್ಕೊಳ್ತೀರಿ? ನಿಮ್ಮ ಪಕ್ಕದ ಮನೆ ಐವಾ ಕೈಲಿ ಕೊಟ್ಟಿರ್ತೀನಿ. ದಿನಾ ಬೆಳಿಗ್ಗೆ ಬಂದು ನೋಡ್ತಾಳೆ."

"ಅಯ್ಯೋ, ಆ ಮುದುಕಿ! ನನ್ನ ಮೂಗು ಹಿಂಡೋಕೆ ನಲವತ್ತು ವರ್ಷದಿಂದ ಕಾಯ್ತಿದಾಳೆ."

ಒಳಗಿನಿಂದ ಡೆನ್ಜಿಲ್ ನಕ್ಕದ್ದು ಇಬ್ಬರಿಗೂ ಕೇಳಿಸಿತು. ವರ್ಡಿ ಬಾಗಿಲು ಅಗಲವಾಗಿ ತೆರೆದು, "ಬನ್ನಿ, ಊಟ ಆರಿಹೋಗುತ್ತೆ," ಎಂದಳು.