ದೇವಕ್ಕನ ತಾಟಿನ ಕಪಾಟು

ವೈಶಾಖದ ಮಟಮಟ ಮಧ್ಯಾಹ್ನ, ಬೈಲಹೊಂಗಲದ ನಾಯಿಗಳೂ ನೆರಳು ಹುಡುಕುವ ಹೊತ್ತಿನಲ್ಲಿ, ಗಂಡನ ಉಣ್ಣೆಯ ಕೋಟು ತೊಟ್ಟು, ಕಿವಿ ಮುಚ್ಚುವಂತೆ ಸೆರಗು ಬಿಗಿದು, ಹಿಮ್ಮಡಿ ಕುಟ್ಟುತ್ತ ಕೆಲಸಕ್ಕೆ ನಡೆಯುತ್ತಿದ್ದ ಏಕಮೇವ ವೀರಾಂಗನೆ ನಮ್ಮ ದೇವಕ್ಕ. ಹೊಸಬರು ಚಳಿಜ್ವರವೆಂದು ಮರುಗುತ್ತಿದ್ದರು. ಆಕೆ ಕಾಯುತ್ತಿದ್ದ ಯಂತ್ರ ಸೆಕೆ ತಾಳುತ್ತಿರಲಿಲ್ಲ. ಅದರ ಸುಖಕ್ಕೆಂದು ಕೋಣೆಗೆ ಏಸಿ ಹಾಕಿಸಿದ್ದೆವು, ದೇವಕ್ಕನ ಸುಖದ ಬಗ್ಗೆ ಯಾರೂ ಠರಾವು ಮಾಡಿರಲಿಲ್ಲ.

ಆ ಯಂತ್ರ, ಪುಣೆಯಲ್ಲಿ ಬಾಗಿಲು ಮುಚ್ಚಿದ ಯಾವುದೋ ಕಂಪನಿಯಿಂದ ೨೦೦೨ರಲ್ಲಿ ನಮ್ಮ ಜನಪದ ಟ್ರಸ್ಟು ತಂದ, ಗಾಜಿನ ಬಾಗಿಲಿನ ಆಳೆತ್ತರದ ಕಪಾಟು. ಒಳಗಿನ ಗೂಡುಗಳಲ್ಲಿ ನೂರಾರು ಸಿಡಿ. ಕಂಪ್ಯೂಟರಿನಲ್ಲಿ ಹಾಡುಗಾರರ ಹೆಸರು ಒತ್ತಿದರೆ ಉಕ್ಕಿನ ತೋಳೊಂದು ಸರಸರನೆ ಏರಿ, ಬೇಕಾದುದನ್ನೇ ಎಳೆದು ತಂದು, ಓದುವ ಪೆಟ್ಟಿಗೆಗೆ ಉಣಿಸುತ್ತಿತ್ತು. ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಹಳ್ಳಿ ಅಲೆದು ನಾವು ಹಿಡಿದ ಡೊಳ್ಳಿನ ಪದ, ಚೌಡಿಕಿ ಪದಗಳೆಲ್ಲ ಅದರ ಹೊಟ್ಟೆಯಲ್ಲಿದ್ದವು. ಸಿಡಿಗೆ ದೇವಕ್ಕ ‘ತಾಟು’ ಎನ್ನುತ್ತಿದ್ದಳು, ತೋಳಿಗೆ ‘ಸೊಸಿ’.

“ಒಂದ ಮಾತ ಎದುರಾಡಾಂಗಿಲ್ಲ ನೋಡ್ರಿ. ಇಂಥಾ ಸೊಸಿ ಯಾರಿಗೆ ಸಿಗತಾಳ?”

ಆ ಸೊಸೆಯೂ ಒಮ್ಮೆ ಮುನಿದಳು. ತೊರಗಲ್ಲಿನಿಂದ ಶಟ್ಟೆವ್ವನೆಂಬ ಮುದುಕಿ ಬಂದಿದ್ದಳು. “ನಮ್ಮಣ್ಣ ಹಾಡಿದ್ದನ್ನ ನೀವ ತುಂಬಿಕೊಂಡ ಬಂದಿದ್ರಲ್ಲ? ಅಂವಾ ಹ್ವಾದ. ಫೋಟೊ ಸುದ್ದಾ ಇಲ್ಲ. ಒಮ್ಮಿ ದನಿ ಕೇಳಸ್ರಿ.”

ಅಣ್ಣನ ಹೆಸರು ಕೇಳಿದೆ. “ವಿರೂಪಾಕ್ಷ.”

ದೇವಕ್ಕ ಕೀಲಿಮಣೆಯನ್ನು ನನ್ನತ್ತ ದೂಡಿದಳು. “ನೀವ ಒತ್ರಿ, ಸರ.”

ಒತ್ತಿದೆ. ಸೊಸೆ ಕದಲಲಿಲ್ಲ. ಹ್ರಸ್ವ, ದೀರ್ಘ, ತಪ್ಪು, ಒಪ್ಪು, ಕನ್ನಡ ವ್ಯಾಕರಣ ಸಹಿಸಬಲ್ಲ ಮತ್ತು ಸಹಿಸಲಾರದ ಎಲ್ಲ ವಿರೂಪಾಕ್ಷರನ್ನೂ ಒತ್ತಿ ನೋಡಿದೆ. ಪರದೆ ‘ಇಲ್ಲ’ವೆಂದಿತು. ತೊರಗಲ್ಲಿನ ಕೋಟೆಯ ಬುಡದಲ್ಲಿ ಆತ ಹಾಡಿದ್ದು ನನಗೇ ನೆನಪಿತ್ತು. ಆದರೆ ಆ ಸಾಗರದಲ್ಲಿ ಒಂದೊಂದೇ ತಾಟು ಕೇಳುತ್ತ ಕುಳಿತರೆ ನಾವೂ ಆತನ ದಾರಿ ಹಿಡಿಯುತ್ತಿದ್ದೆವು.

“ಹಂಗಾರ ನಮ್ಮಣ್ಣ ಹಾಡೇ ಇಲ್ಲ ಅಂದಂಗಾತು,” ಎಂದು ಶಟ್ಟೆವ್ವ ಕೈಚೀಲ ಎತ್ತಿಕೊಂಡಳು. ಬಾಗಿಲಲ್ಲಿ ನಿಂತು ದೇವಕ್ಕನನ್ನೇ ದಿಟ್ಟಿಸಿದಳು. “ಯವ್ವಾ, ಹೆಸರ ಕೇಳಿದ ಕೂಡಲೆ ಆ ಒತ್ತೋ ಮಣಿ ಯಾಕ ದೂಡಿದಿ?”

ದೇವಕ್ಕ ಸೆರಗಿನ ತುದಿ ಕಚ್ಚಿದಳು.

“ನಿನ್ನ ಗಂಡನ ಹೆಸರೂ ಅದ ಏನ?”

ಕೋಟಿನೊಳಗಿಂದ ತಲೆ ಹೌದೆಂಬಂತೆ ಅಲ್ಲಾಡಿತು.

“ನಾನೂ ನಮ್ಮವರ ಹೆಸರ ಇನ್ನೂ ಬಾಯಾಗ ತಂದಿಲ್ಲ ಬಿಡು. ಇದಕ್ಕ ಹೆಸರ ತುಂಬಿದಾಕಿನೂ ನೀನ ಇರಬೇಕ. ಮನ್ಯಾಗ ಗಂಡನ್ನ ಏನಂತ ಕರೀತಿ, ಅದನ್ನ ಒತ್ತು.”

ಕಂಪ್ಯೂಟರಿಗೆ ಹೆಸರುಗಳನ್ನು ತುಂಬಿದವಳು ದೇವಕ್ಕನೇ. ಗಂಡನ ಹೆಸರು ಎದುರಾದಲ್ಲೆಲ್ಲ ಬೆರಳು ಮರ್ಯಾದೆಗೆ ಅಂಜಿ ಬೇರೇನೋ ಒತ್ತಿದ್ದು ಅವಳಿಗೇ ಮರೆತಿತ್ತು. ಕಪಾಟಿನ ಮಹಾಸೇನಾನಿ ಕಿವಿಯವರೆಗೆ ಕೆಂಪಾದಳು. “ಸರ, ನೀವ ಅತ್ತಾಗ ಮಾರಿ ತಿರುವ್ರಿ.”

ತಿರುಗಿದೆ. ಗಾಜಿನಲ್ಲಿ ಪರದೆಯ ಬಿಂಬ ಬಿದ್ದಿತ್ತು. ಉಲ್ಟಾ ಆದರೂ ಸಂಸಾರಸ್ಥರಿಗೆ ಓದಲು ಕಷ್ಟವಾಗದ ಒಂದೇ ಒಂದು ಅಕ್ಷರ: ‘ರೀ’.

ಸೊಸೆ ಎದ್ದಳು, ಏರಿದಳು, ತಾಟು ತಂದಳು. ಸ್ಪೀಕರಿನಲ್ಲಿ ಮೊದಲು ಯಾರೋ ಕೆಮ್ಮಿದರು. ಹಾಡು ಶುರುವಾಗುವ ಮುನ್ನವೇ ಶಟ್ಟೆವ್ವ ನೆಲದ ಮೇಲೆ ಕುಳಿತುಬಿಟ್ಟಳು. “ಅವಂದ ಕೆಮ್ಮ,” ಎಂದಳು.

ಪರರ ಸೊತ್ತನ್ನು ಜೋಪಾನ ಮಾಡುವ ಈ ಬಗೆಯ ಜನ ಎಲ್ಲೆಲ್ಲೂ ಇದ್ದಾರೆ: ದೇವರ ಒಡವೆ ಕಾಯುವವರು, ಮದುವೆಯ ಉಗ್ರಾಣಕ್ಕೆ ಕುಳಿತವರು. ಏನನ್ನೂ ಕಳೆಯುವುದಿಲ್ಲ, ಆದರೆ ಎಲ್ಲವನ್ನೂ ತಮ್ಮ ನಾಚಿಕೆ, ತಮ್ಮ ಮರ್ಯಾದೆಗಳ ಮಡಿಕೆಯೊಳಗೆ ಇಟ್ಟು ಮರೆತಿರುತ್ತಾರೆ. ಅವರ ಬಳಿ ಏನನ್ನಾದರೂ ಬೇಡಲು ಹೋದವರು ಮೊದಲು ಕುಳಿತು, ಮನೆಯ ಹಾಲಹವಾಲು ಕೇಳುವುದು ಲೇಸು.