ಎಡಗೈಯಲ್ಲಿ ಚಹಾ ಸೋಸುವವನು

ನಿನ್ನ ಗಂಡನನ್ನು ನನ್ನ ಯಾವ ಕಥೆಯಲ್ಲೂ ಸಾಯಿಸುವುದಿಲ್ಲ ಎಂದು ಪಂಪಾವತಿಗೆ ಮಾತು ಕೊಟ್ಟಾಗ ನಾವಿಬ್ಬರೂ ನೀರಿಲ್ಲದ ಕಾಲುವೆಯ ನಟ್ಟನಡುವೆ ನಿಂತಿದ್ದೆವು. ನನ್ನ ಮಗಳು ಅಕ್ಷಿತಾ ಆಗ ಕಂಕುಳ ಕೂಸು. ಈಗ ಪಿಯುಸಿ ಓದುತ್ತಾಳೆ.

ದೇಶನೂರು ನನ್ನ ತವರು. ಪಂಪಾವತಿ ನಮ್ಮ ಪಕ್ಕದ ಮನೆಗೆ ಸೊಸೆಯಾಗಿ ಬಂದವಳು. ಅವಳ ಗಂಡ ಹಂಪೇಶ್ ಸಿರುಗುಪ್ಪದಲ್ಲಿ ಒಂದು ರೈಸ್ ಮಿಲ್ಲಿನ ಎದುರು ಚಹಾದಂಗಡಿ ಇಟ್ಟಿದ್ದ. ಒಂದು ಸಂಜೆ ಅಂಗಡಿ ಮುಚ್ಚಿ ಮನೆಗೆ ಹೊರಟವನು ಬರಲೇ ಇಲ್ಲ. ಅವನ ಬೈಕು ಮಾತ್ರ ಊರ ಹತ್ತಿರ ಕಾಲುವೆ ಏರಿಯ ಮೇಲೆ ಸ್ಟ್ಯಾಂಡ್ ಹಾಕಿ ನಿಂತಿತ್ತು. ಕೀಲಿ ಅದರಲ್ಲೇ ಇತ್ತು. ಕಾಲುವೆ ತುಂಬಿ ಹರಿಯುತ್ತಿತ್ತು. ಪೊಲೀಸರು ಬಂದರು, ಈಜು ಬಲ್ಲವರು ಇಳಿದರು, ಕೆಳಗಿನ ತೂಬುಗಳವರೆಗೂ ಹುಡುಕಿದರು. ಏನೂ ಸಿಗಲಿಲ್ಲ.

ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸುತ್ತಾರೆ. ಆಗ ನಮ್ಮ ಕಡೆ ನೀರಿನಲ್ಲಿ ಏನಾದರೂ ಕಳಕೊಂಡವರೆಲ್ಲ ಒಳಗಿಳಿಯುತ್ತಾರೆ. ಕೊಡ ಬಿಟ್ಟವರು ಕೊಡ ಹುಡುಕುತ್ತಾರೆ, ಪೈಪು ಬಿಟ್ಟವರು ಪೈಪು. ಆ ಬೇಸಿಗೆ ಪಂಪಾವತಿಯೂ ಇಳಿದಳು. ಒಬ್ಬಳನ್ನೇ ಕಳಿಸುವುದು ಬೇಡವೆಂದು ಕೂಸನ್ನು ಎತ್ತಿಕೊಂಡು ನಾನೂ ಹಿಂದೆ ಹೋದೆ. ಬಿರಿದ ಕೆಸರಿನಲ್ಲಿ ತಂಬಿಗೆ ಇತ್ತು, ಬಣ್ಣ ಹೋದ ಗಣಪನ ಒಂದು ಕೈ ಇತ್ತು, ಲೆಕ್ಕವಿಲ್ಲದಷ್ಟು ಚಪ್ಪಲಿಗಳಿದ್ದವು. ಗಂಡಸರ ಚಪ್ಪಲಿ ಕಂಡಲ್ಲೆಲ್ಲ ಅವಳು ಬಗ್ಗಿ, ತಿರುವಿ ನೋಡಿ, ಮತ್ತೆ ಇದ್ದ ಹಾಗೇ ಇಡುತ್ತಿದ್ದಳು.

ಆಗಷ್ಟೇ ನನ್ನ ಮೊದಲ ಪತ್ತೇದಾರಿ ಕಥೆ ಒಂದು ವಾರಪತ್ರಿಕೆಯಲ್ಲಿ ಬಂದಿತ್ತು. ಓಣಿಗೆಲ್ಲ ತೋರಿಸಿದ್ದೆ.

"ಇವರದೂ ಬರಿತೀ ಏನಕ್ಕಾ?" ಎಂದಳು.

"ಬರೀಬಹುದು. ನೀನು ಹೂಂ ಅಂದ್ರ."

"ಬರಿ. ಆದ್ರ ಸಾಯಿಸಬ್ಯಾಡ."

"ಸಾಯಿಸಲ್ಲ."

"ಹಂಗಲ್ಲ. ಮಾತು ಕೊಡು."

ಕೂಸನ್ನು ಇನ್ನೊಂದು ಕಂಕುಳಿಗೆ ಹಾಕಿಕೊಂಡು ಅವಳ ಕೈ ಹಿಡಿದು ಮಾತು ಕೊಟ್ಟೆ. ಅವಳ ಬೆರಳಿಗೆ ಕೆಸರು ಮೆತ್ತಿತ್ತು.

ಆಮೇಲೆ ನಾನು ಬಳ್ಳಾರಿಯಲ್ಲಿ ಒಂದು ಜೀನ್ಸ್ ಹೊಲಿಯುವ ಕಾರ್ಖಾನೆಗೆ ಸೇರಿದೆ. ಹೊಲಿದು ಬಂದ ಪ್ಯಾಂಟುಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಅದರ ಜತೆಗೇ ಬರೆಯುತ್ತ ಬಂದೆ. ಇನ್ಸ್‌ಪೆಕ್ಟರ್ ಸುಂಕಣ್ಣ ಎಂಬ ಪತ್ತೇದಾರನನ್ನು ಹುಟ್ಟಿಸಿದೆ. ಬಸ್ಸಿನಲ್ಲಿ ಓದಿ ಮುಗಿಸುವಂಥ ಪುಸ್ತಕಗಳು, ಸಂಗಮೇಶ್ ಎಂಬ ಪ್ರಕಾಶಕ ಅಚ್ಚು ಹಾಕುತ್ತಾನೆ. ಹೋದ ವರ್ಷ ಇಲ್ಲಿಯ ಕಾಲೇಜೊಂದರಲ್ಲಿ ನನ್ನನ್ನು ಕರೆದು ಕೂರಿಸಿದ್ದರು. ಒಬ್ಬ ಹುಡುಗಿ ಎದ್ದು, "ಮೇಡಂ, ಇಷ್ಟೊಂದು ಕ್ರೈಮು ನಿಮಗ ಎಲ್ಲಿ ಸಿಗತೈತಿ?" ಎಂದಳು. ಎಲ್ಲರೂ ನಕ್ಕರು. ಪೇಪರಿನಲ್ಲಿ, ಕೋರ್ಟಿನ ಜಗಲಿಯಲ್ಲಿ, ಬಸ್ಸಿನಲ್ಲಿ ಹಿಂದಿನ ಸೀಟಿನವರು ಮಾತಾಡುವಾಗ ಎಂದೆಲ್ಲ ಹೇಳಿದೆ. ಇಂಥ ಪುಸ್ತಕ ಬರೆಯುವವರೆಲ್ಲ ಹೇಳುವ ಉತ್ತರ ಅದು. ಸುಳ್ಳೂ ಅಲ್ಲ. ಆದರೆ ನನಗೆ ಕಥೆ ಬರುತ್ತಿದ್ದದ್ದು ದೇಶನೂರಿನಿಂದ, ಫೋನಿನಲ್ಲಿ.

"ಅಕ್ಕಾ, ಕಂಡಾರಂತ," ಎಂದು ಪಂಪಾವತಿ ಶುರು ಮಾಡುತ್ತಿದ್ದಳು.

ಹಂಪೇಶ್ ಯಾರಿಗಾದರೂ ಕಾಣುತ್ತಲೇ ಇದ್ದ. ಭತ್ತದ ಸುಗ್ಗಿಯಲ್ಲಿ ಸಿರುಗುಪ್ಪಕ್ಕೆ ಊರೂರಿನ ಲಾರಿಗಳು ಬರುತ್ತವೆ, ಆಗ ಹೆಚ್ಚು ಕಾಣುತ್ತಿದ್ದ. ಒಬ್ಬ ಹಮಾಲಿ, "ಮೀ ಆಯನ್ನಿ ಆದೋನಿಲೋ ಚೂಸಾನಮ್ಮಾ" ಅಂದರೆ ನಿಮ್ಮ ಗಂಡನನ್ನು ಆದೋನಿಯಲ್ಲಿ ನೋಡಿದೆ ಎಂದು ತೆಲುಗಿನಲ್ಲಿ ಹೇಳಿದನೆಂದು ಅವಳು ಆದೋನಿಯ ಹತ್ತಿ ಮಾರ್ಕೆಟ್ಟಿಗೆ ಹೋಗಿ ಬಂದಳು. ಇನ್ನೊಮ್ಮೆ ಹೊಸಪೇಟೆ. ಇನ್ನೊಮ್ಮೆ ಒಂದು ಕಲ್ಲು ಕ್ವಾರಿ. ಹೋಗುವಾಗ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗುತ್ತಿದ್ದಳು, ಅವನಿಗೆ ಸೇರುತ್ತದೆಂದು. ಅವಳು ಬರಿಗೈಲಿ ವಾಪಸಾದ ಊರಿಗೆ ನಾನು ಸುಂಕಣ್ಣನನ್ನು ಕಳಿಸುತ್ತಿದ್ದೆ. ಅವನು ಅಲ್ಲಿಂದ ಕಾಣೆಯಾದವನನ್ನು ಕರೆದುಕೊಂಡೇ ಬರುತ್ತಿದ್ದ.

ಊರವರಿಗೆ ಗುರುತು ಸಿಗಬಾರದೆಂದು ಪ್ರತಿ ಪುಸ್ತಕದಲ್ಲೂ ಹಂಪೇಶನ ಹೆಸರು, ಚಹರೆ ಬದಲಿಸುತ್ತಿದ್ದೆ. ಮೂರನೆಯದರಲ್ಲಿ ಅವನನ್ನು ಎಡಚನನ್ನಾಗಿ ಮಾಡಿದ್ದೆ. ಗುಡ್ಡದ ಕೆಳಗಿನ ಊರಿನ ಹೋಟೆಲಿನಲ್ಲಿ, ಹೆಗಲ ಮೇಲೆ ಹಸಿರು ಟವಲು ಹಾಕಿಕೊಂಡು, ಎಡಗೈಯಲ್ಲಿ ಚಹಾ ಸೋಸುತ್ತ ಸುಂಕಣ್ಣನ ಕಣ್ಣಿಗೆ ಬೀಳುತ್ತಾನೆ. ಪಂಪಾವತಿಗೆ ಎಲ್ಲ ಪುಸ್ತಕಗಳ ಒಂದೊಂದು ಪ್ರತಿ ಕೊಡುತ್ತಿದ್ದೆ. ಅವಳು ಓದಿ ಓಣಿಯ ಜಡೆಪ್ಪನಿಗೆ ಕೊಡುತ್ತಿದ್ದಳು. ಜಡೆಪ್ಪ ಲಾರಿ ಡ್ರೈವರ್. ಮೂಟೆ ಇಳಿಸುವತನಕ ಸ್ಟೇರಿಂಗಿನ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತಾನೆ.

ಈ ವರ್ಷದ ಶುರುವಿಗೆ ಸಂಗಮೇಶ್ ನನ್ನನ್ನು ಪ್ರೆಸ್ಸಿಗೆ ಕರೆಸಿದ.

"ಕಾವೇರಿ ಮೇಡಂ, ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದ. "ನಿಮ್ಮ ಪುಸ್ತಕದಾಗ ಕಾಣಿ ಆದೋರೆಲ್ಲ ಮನಿಗೆ ಬರ್ತಾರ. ಇದೇನು ಪತ್ತೇದಾರಿನೋ, ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟೋ?"

"ಓದೋರು ಅದಾರಲ್ರೀ."

"ಇದ್ರು. ಈಗ ಮೊದಲನೇ ಪುಟ ಓದಿ, ಬರ್ತಾನ ಬಿಡು ಅಂತ ಅಲ್ಲೇ ಇಟ್ಟು ಹೋಗ್ತಾರ. ನನಗೊಂದು ಹೆಣ ಬೇಕ್ರಿ. ಓದೋರು ಅಯ್ಯೋ ಅನ್ನಬೇಕು, ಅಂಥಾ ಹೆಣ. ಕಾಲುವೆ ಬತ್ತಿದಾಗ ಸಿಕ್ಕಿತು ಅಂತ ಬರೀರಿ, ಕವರ್ ಪೇಜಿಗೂ ಚಂದ ಆಗತೈತಿ."

ಕಾಲುವೆಯ ವಿಷಯ ಅವನಿಗೆ ಗೊತ್ತಿರಲಿಲ್ಲ. ತಾನೇ ಯೋಚಿಸಿ ಹೇಳಿದ್ದ.

"ಇಲ್ಲಾಂದ್ರ?"

"ಇಲ್ಲಾಂದ್ರ ಸುಂಕಣ್ಣ ಸಾಹೇಬ್ರಿಗೆ ರಿಟೈರ್ಮೆಂಟ್ ಕೊಡಾನ್ರಿ."

ಅಕ್ಷಿತಾಳ ಓದು ನಡೆಯುವುದು ಸುಂಕಣ್ಣನಿಂದ. ವಿಚಾರ ಮಾಡಿ ಹೇಳುತ್ತೇನೆಂದು ಎದ್ದು ಬಂದೆ.

ಅದೇ ವಾರ ಪಂಪಾವತಿಯ ಫೋನು ಬಂತು. ಎರಡು ಸುಗ್ಗಿ ಕಳೆದಿದ್ದವು ಅವಳು ಹೀಗೆ ಫೋನು ಮಾಡಿ.

"ಅಕ್ಕಾ, ಕಂಡಾರಂತ. ಕುರುಗೋಡಿನಾಗ. ಜಡೆಪ್ಪ ನೋಡ್ಯಾನ. ಬಸ್ ಸ್ಟ್ಯಾಂಡಿನ ಬಾಜೂಕ ಹೋಟ್ಲಂತ."

"ಮಾತಾಡಿಸಿದನಂತೇನು?"

"ಲಾರಿ ಹೊಂಟಿತ್ತಂತ, ನಿಲ್ಲಿಸಾಕ ಆಗಲಿಲ್ಲಂತ. ಹೆಗಲ ಮ್ಯಾಲ ಹಸಿರು ಟವಲ್ ಇತ್ತಂತ. ಎಡಗೈಲೆ ಚಾ ಸೋಸ್ತಿದ್ರಂತ."

ಜಡೆಪ್ಪ ಬೇಕೆಂದು ಸುಳ್ಳು ಹೇಳುವವನಲ್ಲ. ಎಂದೋ ಓದಿದ್ದು ಅವನ ತಲೆಯಲ್ಲಿ ಉಳಿದು, ಕುರುಗೋಡಿನ ಗುಡ್ಡ ಕಂಡೊಡನೆ, ಹೋಟೆಲು ಕಂಡೊಡನೆ, ಕಣ್ಣಿಗೆ ಬಂದು ನಿಂತಿರಬೇಕು. ಆ ಟವಲು ನಾನು ಹೊದಿಸಿದ್ದು.

"ಪಂಪಾ, ಒಂದು ಮಾತು..." ಎಂದೆ.

"ಐತವಾರ ಬಾ ಅಕ್ಕಾ. ನಾನು ಸಿರುಗುಪ್ಪದಿಂದ ಬರ್ತೀನಿ, ನೀನು ಬಳ್ಳಾರಿಯಿಂದ ಬಾ. ಈ ಸಲ ಒಬ್ಬಾಕಿಗೇ ಹೋಗಾಕ ಧೈರ್ಯ ಬರವಲ್ಲದು."

ಹೂಂ ಅಂದೆ.

ಭಾನುವಾರ ನಾನು ಕುರುಗೋಡಿನಲ್ಲಿ ಇಳಿದಾಗ ಅವಳು ಆಗಲೇ ಬಂದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಇಸ್ತ್ರಿ ಮಾಡಿದ ಸೀರೆ, ಕೈತುಂಬ ಹಸಿರು ಬಳೆ, ಮಡಿಲಲ್ಲಿ ಡಬ್ಬಿ. ಗಂಡ ಇದ್ದಾನೋ ಇಲ್ಲವೋ ಎಂದು ಗೊತ್ತಿಲ್ಲದವಳಿಗೆ ಉಡಿ ತುಂಬಬಹುದೋ ಬಾರದೋ ಎಂದು ಊರಿನ ಹೆಂಗಸರು ಇಷ್ಟು ವರ್ಷ ಗೊಂದಲದಲ್ಲೇ ಇದ್ದಾರೆ. ಒಬ್ಬರು ಕರೆಯುತ್ತಾರೆ, ಒಬ್ಬರು ಮರೆತವರಂತೆ ಇರುತ್ತಾರೆ. ಅವಳು ಮಾತ್ರ ಬಳೆ ಕಡಿಮೆ ಮಾಡಿದವಳಲ್ಲ.

ಹೋಟೆಲಿನಲ್ಲಿ ಚಹಾ ಸೋಸುತ್ತಿದ್ದವನು ಕುಳ್ಳಗೆ, ದುಂಡಗೆ, ನಮಗಿಂತ ಚಿಕ್ಕವನು. ವಾಲ್ಮೀಕಿ ಅವನ ಹೆಸರು. ಮಾಲೀಕನೂ ಅವನೇ. ಹೆಗಲ ಮೇಲೆ ಯಾವ ಟವಲೂ ಇರಲಿಲ್ಲ. ಪಂಪಾವತಿ ಅವನನ್ನು ದಾಟಿ ಒಳಗಿನ ಒಲೆಯ ಕಡೆ ನೋಡಿದಳು. ಅಲ್ಲಿ ಒಬ್ಬ ಹೆಂಗಸು ಮಿರ್ಚಿ ಕರಿಯುತ್ತಿದ್ದಳು.

"ಇಲ್ಲಿ ಎಡಚ ಒಬ್ರು ಚಾ ಮಾಡ್ತಿದ್ರಂತಲ್ರೀ," ಎಂದು ಕೇಳಿದೆ.

"ಎಡಗೈಲೆ ಚಾ ಸೋಸಿದ್ರ ಯಾರು ಕುಡೀತಾರಮ್ಮಾ?" ವಾಲ್ಮೀಕಿ ನಕ್ಕ. "ಒಂದೇ ದಿನಕ್ಕ ಹೋಟ್ಲು ಬಾಗಿಲು ಹಾಕ್ತೈತಿ. ಯಾವನು ಹೇಳಿದ ನಿಮಗ ಈ ಕಥಿ?"

ಪುಸ್ತಕ ಅಚ್ಚಾಗಿ ಎಷ್ಟು ಜನ ಓದಿದ್ದರೂ ಈ ಮಾತು ನನಗೆ ಯಾರೂ ಹೇಳಿರಲಿಲ್ಲ.

"ಹುಡುಕೋರ ಹೆಸರೇನ್ರೀ? ಯಾರನ್ನಾದ್ರೂ ಕೇಳಿ ನೋಡ್ತೀನಿ," ಎಂದು ಅವನು ಪಂಪಾವತಿಯನ್ನು ಕೇಳಿದ. ಅವಳು ನನ್ನ ಕಡೆ ನೋಡಿದಳು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆ ಆಗುತ್ತದೆಂದು ನಮ್ಮ ಕಡೆ ನಂಬುತ್ತಾರೆ. ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸುವಾಗಲೂ ಅವಳ ಮಾವನೇ ಹೇಳಿದ್ದ. "ಹಂಪೇಶ್," ಎಂದೆ ನಾನು. ಅವನು ತಲೆಯಾಡಿಸಿದ. ಚಹಾದ ದುಡ್ಡು ಬೇಡ ಎಂದ.

ಮತ್ತೆ ಕಲ್ಲುಬೆಂಚಿಗೆ ಬಂದು ಕೂತೆವು. ಅವಳು ಡಬ್ಬಿ ತೆಗೆದು ನನಗೊಂದು ಹೋಳಿಗೆ ಕೊಟ್ಟು ತಾನೂ ಒಂದು ಮುರಿದಳು. ಈಗಲಾದರೂ ಹೇಳಿಬಿಡಬೇಕೆಂದು ನಾನು ಬಾಯಿ ತೆರೆದೆ.

"ಪಂಪಾ, ಆ ಎಡಗೈ..."

"ನಿನ್ನ ಪುಸ್ತಕದ್ದು," ಎಂದಳು.

"ಗೊತ್ತಿತ್ತಾ?"

"ಜಡೆಪ್ಪ ಎಡಗೈ ಅಂದಾಗನ ಗೊತ್ತಾತು. ಇವರು ಎಡಗೈಲೆ ಒಂದು ತಂಬಿಗಿ ಸೈತ ಎತ್ತಿದವರಲ್ಲ."

"ಮತ್ಯಾಕ ಬಂದಿ? ಇಸ್ತ್ರಿ ಸೀರಿ ಬ್ಯಾರೆ ಉಟ್ಕೊಂಡು."

ಅವಳು ಸ್ವಲ್ಪ ನಕ್ಕಳು. "ಮೊದ್ಲು ಸುಗ್ಗಿಗೊಮ್ಮೆ ಯಾರಿಗಾರ ಕಾಣ್ತಿದ್ರು. ಎರಡು ವರ್ಷದಿಂದ ಯಾರಿಗೂ ಕಾಣವಲ್ರು. ಜನ ಮರತ್ರು ಅಕ್ಕಾ. ನಾನ ಹೋಗಿ ಕೇಳಿದ್ರೂ, ಯಾರು, ಯಾವಾಗ ಅಂತಾರ. ಜಡೆಪ್ಪ ಬಂದು ಕಂಡೆ ಅಂದಾಗ... ಸುಳ್ಳಾಗಲಿ, ಕಂಡೆ ಅಂದನಲ್ಲ. ಅದಕ್ಕ ಬಂದೆ."

ಅವಳು ನಿಜ ಹೇಳಿದ ಮೇಲೆ ನಾನು ಮುಚ್ಚಿಡಲು ಮನಸ್ಸಾಗದೆ ಸಂಗಮೇಶ್ ಹೇಳಿದ್ದನ್ನೆಲ್ಲ ಹೇಳಿದೆ. ಹೆಣ, ಬತ್ತಿದ ಕಾಲುವೆ, ಅಕ್ಷಿತಾಳ ಓದು. ಅವಳು ಹೋಳಿಗೆಯ ಪುಡಿಯನ್ನು ಸೆರಗಿನಿಂದ ಕೊಡವುತ್ತ ಕೇಳಿಸಿಕೊಂಡಳು.

"ಮಗಳ ಓದು ನಿಲ್ಲಿಸು ಅನ್ನಾಕ ನನಗ ಬಾಯಿ ಬರಂಗಿಲ್ಲ," ಎಂದಳು ಕೊನೆಗೆ. "ಆದ್ರ ನೀನೂ ಸಾಯಿಸಿದಿ ಅಂದ್ರ, ಇನ್ನು ಅವರು ಯಾರಿಗೂ ಕಾಣಂಗಿಲ್ಲ."

ಸಿರುಗುಪ್ಪದ ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಕಂಡಕ್ಟರ್ ಎರಡು ಸಲ ಸೀಟಿ ಊದಿದರೂ ಡ್ರೈವರ್ ಇನ್ನೂ ವಾಲ್ಮೀಕಿಯ ಚಹಾ ಮುಗಿಸಿರಲಿಲ್ಲ. ಪಂಪಾವತಿ ಕಿಟಕಿಯಿಂದ ಬಗ್ಗಿದಳು.

"ಅಕ್ಕಾ, ಸಾಯಿಸೋದು ಬಿಡೋದು ನಿನಗ ಬಿಟ್ಟೀನಿ. ಉಳಿಸಿದ್ರ ಮಾತ್ರ ಈ ಸಲ ಬದಲಿ ಮಾಡಬ್ಯಾಡ. ಬಲಗೈ ಅಂತ ಬರಿ. ಟೆಂಗಿನಕಾಯಿ ಒಡಿಯುವಾಗ ಚಿಪ್ಪು ಸಿಡಿದು ಹುಬ್ಬಿನ ಮ್ಯಾಲ ಕಲಿ ಆಗೈತಿ, ಅದನ್ನ ಬರಿ. ನಗುವಾಗ ಬಾಯಿಗೆ ಕೈ ಅಡ್ಡ ಹಿಡೀತಾರ, ಅದನ್ನ ಬರಿ. ಓದಿದೋರು ಯಾರಾರ ನೋಡಿದ್ರ, ಅವರನ್ನ ನೋಡ್ಲಿ."

"ಹೆಸರು?"

ಡ್ರೈವರ್ ಬಂದು ಕೂತ. ಬಸ್ಸು ಗುರ್ ಎಂದು ಅಲುಗಿತು. ಅವಳು ನನ್ನ ಕಡೆ ನೋಡಲಿಲ್ಲ. ಎದುರಿನ ಗುಡ್ಡದ ಕಡೆ ನೋಡುತ್ತ, ಹೊಸ ಅಕ್ಷರ ಕಲಿತವರ ಹಾಗೆ, ಒಂದೊಂದೇ ಬಿಡಿಸಿ ಹೇಳಿದಳು.

"ಹಂ-ಪೇ-ಶ್ ಅಂತ ಬರಿ."

ಬಸ್ಸು ಹೋಯಿತು. ಬಳ್ಳಾರಿ ಬಸ್ಸು ಬರುವತನಕ ನಾನು ಅಲ್ಲೇ ಕೂತಿದ್ದೆ. ಇಷ್ಟು ವರ್ಷ ಅವನ ಆಯುಷ್ಯ ಕಾಯಲೆಂದು ನುಂಗಿಕೊಂಡಿದ್ದ ಹೆಸರನ್ನು, ಯಾರಿಗಾದರೂ ಕಾಣಲಿ ಎಂದು ಬಿಟ್ಟುಕೊಟ್ಟಿದ್ದಳು.

ಬರೆಯಲು ನಾಲ್ಕು ತಿಂಗಳು ಹಿಡಿಯಿತು. ಸಂಗಮೇಶನಿಗೆ ಬೇಕಾದ ಹೆಣ ಅದರಲ್ಲಿ ಇದೆ. ಕಾಲುವೆ ಬತ್ತಿದಾಗಲೇ ಸಿಗುತ್ತದೆ. ಅಂಗಿಯ ಮೇಲಿನ ನಕ್ಷತ್ರಗಳು ಕೆಸರಿನಲ್ಲಿ ಮುಚ್ಚಿಹೋಗಿರುತ್ತವೆ. ಸತ್ತವನು ಇನ್ಸ್‌ಪೆಕ್ಟರ್ ಸುಂಕಣ್ಣ. ಸಾಯುವ ಮೊದಲು ಅವನು ಹುಡುಕುತ್ತಿದ್ದವನ ಚಹರೆಯನ್ನು ಎಲ್ಲರಿಗೂ ಹೇಳಿರುತ್ತಾನೆ, ಬಲಗೈ, ಹುಬ್ಬಿನ ಕಲೆ, ಬಾಯಿಗೆ ಅಡ್ಡ ಹಿಡಿಯುವ ಕೈ, ಹೆಸರು. ಹುಡುಕಾಟ ಮುಗಿಯುವ ಮೊದಲೇ ಪುಸ್ತಕ ಮುಗಿಯುತ್ತದೆ.

"ನಿಮ್ಮ ಅನ್ನಕ್ಕ ನೀವ ಕಲ್ಲು ಹಾಕ್ಕೊಂಡ್ರಲ್ರೀ ಮೇಡಂ," ಎಂದ ಸಂಗಮೇಶ್, ಕೊನೆಯ ಹಾಳೆ ಮಗುಚಿ. "ಇನ್ನು ಮುಂದಿನ ಪುಸ್ತಕಕ್ಕ ಯಾರಿದ್ದಾರ?"

ಆದರೂ ಅಚ್ಚು ಹಾಕಿದ. ಚೆನ್ನಾಗಿ ಹೋಗುತ್ತಿದೆ. ಅಕ್ಷಿತಾಳ ಓದಿಗೆ ಇನ್ನು ಸುಂಕಣ್ಣ ಇಲ್ಲವೆಂದು ನಾನು ಕಾರ್ಖಾನೆಯಲ್ಲಿ ಭಾನುವಾರದ ಪಾಳಿಯನ್ನೂ ಹಿಡಿದಿದ್ದೇನೆ. ಜಡೆಪ್ಪ ಹತ್ತು ಪ್ರತಿ ಒಯ್ದು, ಲಾರಿ ನಿಂತ ಕಡೆಯ ಡ್ರೈವರುಗಳಿಗೆಲ್ಲ ಹಂಚಿದ್ದಾನಂತೆ. ಪಂಪಾವತಿಯ ಫೋನು ಇನ್ನೂ ಬಂದಿಲ್ಲ.

ಹಂಪೇಶನನ್ನು ನಾನು ಸಾಯಿಸಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡೆ.