ದಾರಿ ಗೊತ್ತಿದ್ದವಳು

ಅಣ್ಣನ ಹೆಣಕ್ಕೆ ತೊಡಿಸಿದ ಅಂಗಿಯ ಕೊನೆಯ ಗುಂಡಿ ಹಾಕುತ್ತಿದ್ದ ತಂಗಿ, ಬಾಗಿಲ ಬಳಿ ಅಳು ಕೇಳಿ ತಲೆಯೆತ್ತಿದಳು. ಇವನಿಗಾಗಿ ಇಷ್ಟು ಗಟ್ಟಿಯಾಗಿ ಅಳುವವರು ಯಾರು? ಒಡಹುಟ್ಟಿದ ತನ್ನ ಕಣ್ಣೇ ಇನ್ನೂ ಒದ್ದೆಯಾಗಿರಲಿಲ್ಲ.

ಒಳಗೆ ಬಂದದ್ದು ಐವತ್ತರ ಆಸುಪಾಸಿನ ಹೆಂಗಸು. ಸೆರಗಿಗೆ ಇದ್ದಿಲ ಮಸಿ.

"ಯಾರಮ್ಮ ನೀವು?"

"ಇಸ್ತ್ರಿ ಅಂಗಡಿಯವಳು. ದಿನಾ ನಾಲ್ಕು ಗಂಟೆಗೆ ಬರ್ತಿದ್ರು. ನಿನ್ನೆ ಬರ್ಲಿಲ್ಲ. ಈಗ ಸುದ್ದಿ ಕೇಳಿ ಓಡಿ ಬಂದೆ."

"ಯಾರ ಜೊತೆ?"

"ಒಬ್ಬರೇ."

"ಬೇರೆ ಯಾರನ್ನೋ ಅಂದ್ಕೊಂಡಿದ್ದೀರಿ. ಆರು ವರ್ಷದಿಂದ ಈ ಮನೇಲಿದ್ದು, ಬಚ್ಚಲಿಗೆ ಅಂತ ಹೊರಟು ಅಡುಗೆಮನೇಲಿ ನಿಂತಿರ್ತಿದ್ದ ನಮ್ಮಣ್ಣ."

ಗೋಡೆಗೊರಗಿದ್ದ ತಂಗಿಯ ಗಂಡ ಕೆಮ್ಮಿದ. "ನಿಜ ಕಣೆ. ನೀನು ಡ್ಯೂಟಿಗೆ ಹೋದ್ಮೇಲೆ ಹೋಗ್ತಿದ್ದ. ಹೇಳಿದ್ರೆ ಬಯ್ತೀಯ ಅಂತ ಸುಮ್ಮನಿದ್ದೆ."

*

ಹತ್ತೊಂಬತ್ತನೇ ವಯಸ್ಸಿಗೆ ಅಣ್ಣನಿಗೆ ಇಲ್ಲದವರ ದನಿಗಳು ಕೇಳತೊಡಗಿದ್ದವು. ಸ್ಕಿಜೋಫ್ರೇನಿಯಾ ಎಂದರು ಡಾಕ್ಟರು. "ಮಾತ್ರೆಯಿಂದ ದನಿ ತಗ್ಗುತ್ತೆ. ಆದ್ರೆ ದಾರಿ, ತಿರುವು ನೆನಪಲ್ಲಿ ಉಳಿಯೋದು ಇವನಿಗೆ ಕಷ್ಟ. ಸೋಮಾರಿ ಅಂದ್ಕೋಬೇಡಿ."

ಅಂದಿನಿಂದ ಅಮ್ಮ ಅವನ ಕೈ ಹಿಡಿದು ಪುಸ್ತಕ ಕಟ್ಟುವ ಅಂಗಡಿಗೆ ಕೆಲಸಕ್ಕೆ ಬಿಟ್ಟು, ಸಂಜೆ ಕರೆತರುತ್ತಿದ್ದಳು. ಹತ್ತು ವರ್ಷದ ತಂಗಿ ಶಾಲೆಗೆ ಒಬ್ಬಳೇ ಹೋಗುತ್ತಿದ್ದಳು.

"ಅಮ್ಮ, ಒಂದಿನ ನನ್ನನ್ನೂ ಬಿಟ್ಟು ಬಾ."

"ನಿಂಗೆ ದಾರಿ ಗೊತ್ತಲ್ಲ ಪುಟ್ಟಿ!"

ಗೊತ್ತಿದ್ದದ್ದೇ ತಪ್ಪಾಯಿತು. ದೊಡ್ಡವಳಾಗಿ ಸಿಟಿ ಬಸ್ಸಿನ ಸ್ಟಿಯರಿಂಗ್ ಹಿಡಿದಳು. ಊರಿನ ಬೀದಿಗಳೆಲ್ಲ ಅಂಗೈ ಗೆರೆಯಷ್ಟು ಪರಿಚಯ. ಅಮ್ಮ ಸಾಯುವಾಗಲೂ ಹಿಡಿದುಕೊಂಡದ್ದು ಅಣ್ಣನ ಕೈಯನ್ನೇ. ಹೊಟ್ಟೆಕಿಚ್ಚು ಬೂದಿ ಮುಚ್ಚಿದ ಕೆಂಡದಂತೆ ಉಳಿಯಿತು. ಅವನನ್ನು ತನ್ನ ಮನೆಗೆ ಕರೆತಂದ ಮೇಲೆ ಪಾರ್ಕಿನ ದಾರಿ ಕಲಿಸಲು ಏಳು ದಿನ ಹೆಣಗಿದಳು. ಎಂಟನೆಯ ದಿನ ನಡುರಸ್ತೆಯಲ್ಲೇ ಕೂಗಾಡಿ ಕೈಬಿಟ್ಟಳು.

*

ಎಲ್ಲ ಮುಗಿಸಿ ಬಂದಾಗ ಇಸ್ತ್ರಿಯವಳು ಇನ್ನೂ ಮೆಟ್ಟಿಲ ಮೇಲೆ ಕೂತಿದ್ದಳು.

"ಹೇಗೆ ಕಲಿಸಿದ್ರಿ?" ತಂಗಿಯ ದನಿ ಒರಟಾಗಿತ್ತು.

"ನಂಗೆಲ್ಲಿ ಕಲಿಸೋಕೆ ಬರುತ್ತೆ? ದಾರಿ ತಪ್ಪಿ ಅಂಗಡಿ ಮುಂದೆ ನಿಂತಿದ್ರು. ಮನೆ ವಿಚಾರಿಸ್ಕೊಂಡು, ಕೈ ಹಿಡ್ಕೊಂಡು ಬಂದು ಬಿಟ್ಟೆ. ನಾಳೆನೂ ಬರ್ಲಾ ಅಂದ್ರು. ದಿನಾ ನಾನೇ ಬಂದು ಕರ್ಕೊಂಡು ಹೋಗ್ತಿದ್ದೆ. ಹತ್ತು ತಿಂಗಳಾದ್ಮೇಲೆ ಒಂದಿನ ತಾವೇ ಬಂದ್ರು."

ಹತ್ತು ತಿಂಗಳು!

"ಅಲ್ಲಿ ಏನ್ ಮಾಡ್ತಿದ್ದ?"

"ಬಟ್ಟೆ ಮಡಚೋರು. ಪುಸ್ತಕ ಕಟ್ಟಿದ ಕೈ, ಅಂಚಿಗೆ ಅಂಚು ಕೂರೋದು. ಬಾಯ್ತೆಗೆದ್ರೆ ನಿಮ್ಮದೇ ಮಾತು. 'ನನ್ನ ತಂಗಿಗೆ ಇಡೀ ಊರು ಗೊತ್ತು' ಅಂತ."

ತನ್ನೆದುರು ಒಮ್ಮೆಯೂ ಆಡದ ಮಾತು. ಅದೂ ಇವಳ ಪಾಲಿಗೇ ಹೋಗಿತ್ತು.

"ನಡೀರಿ, ನಿಮ್ಮ ಅಂಗಡಿ ನೋಡ್ಬೇಕು."

ಇಬ್ಬರೂ ಹೊರಟರು. ದೊಡ್ಡ ರಸ್ತೆಯ ಮೂಲೆಯಲ್ಲಿ ಇಸ್ತ್ರಿಯವಳು ನಿಂತಳು. "ಎಡಕ್ಕೆ. ಇಲ್ಲಿ ಮಾತ್ರ ಆಗಾಗ ಬಲಕ್ಕೆ ಹೋಗ್ಬಿಡೋರು. ಅಂಗಡಿಯಿಂದ ಕಂಡ ತಕ್ಷಣ ನಾನು ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿ ಬಂದು ಕೈ ಹಿಡ್ಕೋತಿದ್ದೆ."

ದಿನಕ್ಕೆ ಎಂಟು ಸಲ ಇದೇ ಮೂಲೆಯಲ್ಲಿ ಬಸ್ಸನ್ನು ಎಡಕ್ಕೆ ಹೊರಳಿಸುವ ತಂಗಿ ಬಲಕ್ಕೆ ತಿರುಗಿದಳು. ನಾಲ್ಕು ಹೆಜ್ಜೆ ಹೋಗಿ ನಡಿಗೆ ನಿಧಾನ ಮಾಡಿದಳು. ಹಿಂದಿನಿಂದ ಚಪ್ಪಲಿಯ ಸದ್ದು ಹತ್ತಿರವಾಯಿತು. ಅವಳು ತಿರುಗಿ ನೋಡಲಿಲ್ಲ. ಒಂದು ಕೈಯನ್ನು ಮಾತ್ರ ತುಸು ಹಿಂದಕ್ಕೆ ಚಾಚಿದಳು.